ಕೂಡಿದ ರಕ್ತ

ಸುತ್ತಿನ ಎಣಿಕೆ ಮೂರನೆಯ ಸಲವೂ ತಪ್ಪಿದಾಗ ಇಲಿಯಾಸ ತಾಮ್ರದ ತಂತಿಯನ್ನು ಕೈಬಿಟ್ಟು ಸುಮ್ಮನೆ ಕೂತ. ಹದಿನೈದು ವರ್ಷದಿಂದ ಮಾಡಿದ ಕೆಲಸ ಅದು. ಸುಟ್ಟ ಮೋಟರಿನ ಹಳೆಯ ತಂತಿ ಕಿತ್ತು ಹೊಸದನ್ನು ಸುತ್ತುವಾಗ ಅವನು ಗಿರಾಕಿಯ ಜೊತೆ ಮಾತಾಡುತ್ತಿದ್ದ, ಚಹಾ ಕುಡಿಯುತ್ತಿದ್ದ, ಆದರೂ ಬೆರಳುಗಳು ತಮ್ಮಷ್ಟಕ್ಕೆ ತಾವೇ ಎಣಿಸಿಕೊಂಡು ಅರವತ್ತೆರಡಕ್ಕೆ ನಿಲ್ಲುತ್ತಿದ್ದವು. ಇವತ್ತು ಮೂವತ್ತು ದಾಟುವಷ್ಟರಲ್ಲಿ ಎಲ್ಲೋ ಜಾರಿಬಿಡುತ್ತಿತ್ತು. ಎದುರಿನ ಉದ್ದನೆಯ ಮರದ ಬಾಕಿನ ಮೇಲೆ ಹೊಳೆಆಲೂರಿನ ಗೋಣೆಪ್ಪ, ಹೊಳೆಯ ನೀರು ಏರಿ ಮುಳುಗಿಹೋಗಿದ್ದ ತನ್ನ ಮೋಟರಿನ ಬಿಚ್ಚಿದ ಹೊಟ್ಟೆಯನ್ನು ನೋಡುತ್ತ ಕೂತಿದ್ದ. "ಲಗೂ ಮಾಡ್ರಿ ಮಿಸ್ತ್ರಿ, ಹನ್ನೆರಡರ ಗಾಡಿಗೆ ಹೋಗಬೇಕು" ಎಂದ. ಮಿಸ್ತ್ರಿ. ನಾಲ್ಕು ತಿಂಗಳ ಹಿಂದೆ ರೋಣದಲ್ಲಿ ಆ ಮಾತಿಗೆ ತಿರುಗಿ ನೋಡುತ್ತಿದ್ದವನು ಅಲ್ಲಾಸಾಬ ಒಬ್ಬನೇ. ಇಲಿಯಾಸ ಅಂದರೆ ಅಲ್ಲಾಸಾಬ ಮಿಸ್ತ್ರಿಯ ತಮ್ಮ. ನಟ್ಟು ಬಿಚ್ಚುವ ಪಾನಾ ಕೈಗೆ ಕೊಡುವವನು, ವಾರ್ನಿಶ್ ಹಚ್ಚುವವನು, ಅಣ್ಣ ಬರುವತನಕ ಅಂಗಡಿಯಲ್ಲಿ ಕೂತಿರುವವನು. ಮೂವತ್ತಾರು ವರ್ಷ ತುಂಬಿದ ಮೇಲೂ ಗಿರಾಕಿಗಳು ಅವನ ತಲೆಯ ಮೇಲಿಂದ ಒಳಗೆ ಇಣುಕಿ "ಅಣ್ಣ ಇಲ್ಲೇನು?" ಎಂದು ಕೇಳುತ್ತಿದ್ದರು. ಅಣ್ಣ ರಕ್ತದ ಕ್ಯಾನ್ಸರೆಂದು ಬೆಂಗಳೂರಿನ ದವಾಖಾನೆ ಸೇರಿದ ಮೊದಲ ವಾರವೇ ಯಾರೋ ಒಬ್ಬ, ಬಹುಶಃ ಅಸೂಟಿಯವನು, ಯೋಚಿಸದೆ "ಮಿಸ್ತ್ರಿ" ಎಂದು ಕರೆದಿದ್ದ. ಇಲಿಯಾಸನಿಗೆ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಆ ರಾತ್ರಿ ನಮಾಜಿನಲ್ಲಿ, ಉಳಿದ ದಿನಗಳಿಗಿಂತ ಹೆಚ್ಚು ಹೊತ್ತು, ಅಣ್ಣನಿಗಾಗಿ ಕೈಯೊಡ್ಡಿದ್ದ.

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಅವನ ಮೊಬೈಲಿಗೆ ಫೋನು ಬಂದಿತ್ತು. "ನಾನು ಡಾಕ್ಟರ್ ಸುವರ್ಣಾ ಮಾತಾಡ್ತೀನ್ರಿ. ರಕ್ತದ ಕ್ಯಾನ್ಸರಿನ ಮ್ಯಾಲೆ ಸಂಶೋಧನಾ ನಡಸ್ತೀವಲ್ರಿ, ಆ ವಿಭಾಗದಿಂದ. ಇವತ್ತ ನರಗುಂದದಾಗ ಒಬ್ಬರ ಮನಿ ಮುಗಿಸಿ ಹನ್ನೊಂದರ ಸುಮಾರು ರೋಣಕ್ಕ ಬರ್ತೀನಿ. ನಿಮ್ಮನ್ನೂ ನಿಮ್ಮ ಅಣ್ಣಾರನ್ನೂ ಭೆಟ್ಟಿ ಆಗಬೇಕಾಗಿತ್ತು." ಅವನು ಮನೆಯ ಬಚ್ಚಲ ಬಾಗಿಲಲ್ಲಿ ನಿಂತಿದ್ದ, ಒಳಗೆ ಹೆಂಡತಿ ಇಷ್ರತ ಬಟ್ಟೆ ಒಗೆಯುತ್ತಿದ್ದಳು. "ಅಣ್ಣ ಊರಾಗಿಲ್ರಿ" ಎಂದು ಹೇಳಬಹುದಿತ್ತು. ನಾಲಿಗೆ ಅದನ್ನು ಹೇಳಲು ತಯಾರೂ ಆಗಿತ್ತು. ಆದರೆ ಹೊರಬಿದ್ದದ್ದು "ಬರ್ರಿ" ಎಂಬ ಮಾತು. ಆಮೇಲೆ ಯಾರು ಎಂದು ಇಷ್ರತ ಕೇಳಿದಾಗ ಗಿರಾಕಿ ಎಂದ. ಈಗೀಗ ಸಣ್ಣ ಸುಳ್ಳುಗಳು ಕೇಳದೆಯೇ ಬರುತ್ತಿದ್ದವು.

ದೊಡ್ಡದು ಒಂದೇ. ಅದನ್ನು ಹೇಳಿ ಒಂದೂವರೆ ತಿಂಗಳಾಗಿತ್ತು. ಬೆಂಗಳೂರಿನ ಆ ದವಾಖಾನೆಯ ಉದ್ದದ ಪಡಸಾಲೆಯಲ್ಲಿ ದೊಡ್ಡ ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು, ಔಷಧದಿಂದ ರೋಗ ಸದ್ಯಕ್ಕೆ ಅಡಗಿದೆ, ಆದರೆ ಹೋಗಿಲ್ಲ ಎಂದರು. ಅದು ಮತ್ತೆ ತಲೆಯೆತ್ತುವ ಮೊದಲು ಕೂಡುವ ರಕ್ತದವರ ಕಾಂಡಕೋಶ ತೆಗೆದು ರೋಗಿಗೆ ಹಾಕಬೇಕು. ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹಾಗೆ ಕೂಡುತ್ತದೆ. ನಿಮ್ಮ ತಂಗಿ ಅಫ್ರೀನಳದು ಕೂಡಿಲ್ಲ, ನಿಮ್ಮದು ಪೂರ್ತಿ ಕೂಡಿದೆ. ನಿಮಗೆ ಐದು ದಿನ ಚುಚ್ಚುಮದ್ದು, ಒಂದಷ್ಟು ಮೈಕೈ ನೋವು, ಆಮೇಲೆ ಅರ್ಧ ದಿನ ಯಂತ್ರದ ಪಕ್ಕ ಮಲಗುವುದು, ಅಷ್ಟೆ. ಅಣ್ಣನಿಗೆ ನಾನೇ ಹೇಳುತ್ತೇನೆ ಎಂದ ಇಲಿಯಾಸ. ಅಲ್ಲಿಂದ ವಾರ್ಡಿಗೆ ನಲವತ್ತು ಹೆಜ್ಜೆ ಇದ್ದಿರಬಹುದು. ಆ ನಲವತ್ತು ಹೆಜ್ಜೆಯಲ್ಲಿ ಏನಾಯಿತೆಂದು ಅವನು ಎಷ್ಟು ಸಲ ಹಿಂದಿರುಗಿ ನಡೆದು ನೋಡಿದರೂ ತಿಳಿಯುತ್ತಿರಲಿಲ್ಲ. ಕೂದಲುದುರಿದ ತಲೆಯನ್ನು ದಿಂಬಿನಿಂದ ಎತ್ತಿ ಅಲ್ಲಾಸಾಬ ಹುಬ್ಬು ಹಾರಿಸಿ ಕೇಳಿದ. ಇಲಿಯಾಸ ಬಾಯಿ ತೆರೆದ. "ಅಫ್ರೀನಂದೂ ಕೂಡಿಲ್ಲ ಭಾಯಿ, ನಂದೂ ಕೂಡಿಲ್ಲ." ಅಣ್ಣ ಸ್ವಲ್ಪ ಹೊತ್ತು ಮೇಲಿನ ಪಂಖಾ ನೋಡಿದ. ಆಮೇಲೆ ತಮ್ಮನ ಮುಖ ನೋಡಿ, "ನೀ ಯಾಕ ಮಾರಿ ಸಣ್ಣದ ಮಾಡ್ತೀಯೋ? ನಿನ್ನ ಕೈಯಾಗ ಐತೇನದು?" ಎಂದು ಸಮಾಧಾನ ಹೇಳಿದ.

ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದ. ನಾಳೆ, ತಪ್ಪಾಗಿ ಕೇಳಿಸಿಕೊಂಡಿದ್ದೆ ಎಂದರಾಯಿತು. ನಾಳೆ ಊರಿಗೆ ಹೊರಡುವ ಗಡಿಬಿಡಿ ಇತ್ತು. ಊರಿಗೆ ಬಂದ ಮೇಲೆ ತಾಯಿ ಕಾಶೀಂಬಿ ಅಳುತ್ತಿದ್ದಳು; ಅಳುವವರ ಮುಂದೆ ಅಂಥ ಮಾತು ಹೇಗೆ ಹೇಳುವುದು. ಹಾಗೆ ದಿನಕ್ಕೊಂದು ದಿನ ಕೂಡಿ ಸುಳ್ಳಿನ ಮೇಲೆ ಹೆಪ್ಪುಗಟ್ಟಿತು. ಹೆಂಡತಿಗಾಗಿ ಹೀಗೆ ಮಾಡಿದೆ, ಮಕ್ಕಳು ಸಣ್ಣವು, ತನಗೇನಾದರೂ ಆದರೆ ಎಂದು ನಂಬಲು ನೋಡಿದ. ಆದರೆ ಇಷ್ರತ ಮೊದಲ ದಿನವೇ "ನಿಮ್ಮದು ಕೂಡ್ಲಿ ಅಂತ ದುವಾ ಮಾಡೀನಿ" ಎಂದಿದ್ದಳು. ದವಾಖಾನೆಯಿಂದ ಬಂದ ಎರಡು ಪತ್ರಗಳು ಅಂಗಡಿಯ ವಿಳಾಸಕ್ಕೇ ಬಂದಿದ್ದವು. ಅವನ್ನು ಸುಡಲಿಲ್ಲ. ವಾರ್ನಿಶ್ ಡಬ್ಬಿಗಳ ಹಿಂದೆ ಇಟ್ಟಿದ್ದ. ಇಟ್ಟಿದ್ದೇನೆ ಎಂಬುದರಲ್ಲೇ ಒಂದು ಪ್ರಾಮಾಣಿಕತೆ ಇದೆಯೆಂಬಂತೆ.

ಗೋಣೆಪ್ಪನಿಗೆ ನಾಳೆ ಬರಲು ಹೇಳಿ, ಅವನ ಗೊಣಗಾಟ ಕೇಳಿಸದವನಂತೆ ಬಾಗಿಲೆಳೆದು ಬಸ್ ನಿಲ್ದಾಣಕ್ಕೆ ಹೋದ. ಆ ಡಾಕ್ಟರಮ್ಮ ಅಣ್ಣನ ಮನೆ ಮುಟ್ಟುವ ಮೊದಲೇ ಅವಳನ್ನು ತಡೆಯಬೇಕು. ಕೈ ಮುಗಿಯಬೇಕಾದರೆ ಮುಗಿಯಬೇಕು, ಕಾಲು ಹಿಡಿಯಬೇಕಾದರೆ ಅದೂ ಸೈ. ನರಗುಂದದ ಬಸ್ಸಿನಿಂದ ಇಳಿದವರಲ್ಲಿ ಅವಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮೂವತ್ತರ ಆಸುಪಾಸಿನ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ರಕ್ತದ ಮಾದರಿ ತಣ್ಣಗಿಡುವ ನೀಲಿ ಬಣ್ಣದ ಬರ್ಫದ ಡಬ್ಬಿ. ಧಾರವಾಡದ ಕಡೆಯವಳೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಬೇವಿನ ಮರದ ಕಟ್ಟೆಯ ಮೇಲೆ ಅವಳು ತಾನಾಗಿ ಕೂತಳು, ಇವನಿಗೂ ಕೂರಲು ಹೇಳಿದಳು. ಅವನು ಕೂರಲಿಲ್ಲ.

"ಮೇಡಂ, ಒಂದ ಮಾತು. ನಂದು ಕೂಡೇತಿ ಅನ್ನೂದು ಮನ್ಯಾಗ ಯಾರಿಗೂ ಗೊತ್ತಿಲ್ರಿ."

"ಹಂಗ ಇರಬಹುದು ಅಂತ ಅಂದ್ಕೊಂಡಿದ್ದೆ" ಎಂದಳು ಸುವರ್ಣಾ. ದನಿಯಲ್ಲಿ ಆಶ್ಚರ್ಯವಿರಲಿಲ್ಲ. "ನಮ್ಮ ಸಂಶೋಧನಾನೇ ಅದರ ಮ್ಯಾಲೆ ಅದ. ಕೂಡೋ ರಕ್ತ ಸಿಕ್ಕರೂ ಕಸಿ ಮಾಡಿಸಿಕೊಳ್ಳಾಕ ತಿರುಗಿ ಬರದ ಮನಿಗಳು. ಏಳು ಜಿಲ್ಲಾದಾಗ ಹತ್ತೊಂಬತ್ತು ಅದಾವ. ನಿಮ್ಮದು ಹನ್ನೊಂದನೇದು, ಇಲ್ಲಿಂದ ಸಂಜಿಮುಂದ ಗಜೇಂದ್ರಗಡಕ್ಕ ಹೋಗ್ತೀನಿ."

ತನ್ನ ಒಂದೂವರೆ ತಿಂಗಳು, ಜಗತ್ತಿನಲ್ಲಿ ಇನ್ನಾರಿಗೂ ಬಂದಿರಲಾರದೆಂದು ಅವನು ತಿಳಿದಿದ್ದ ಆ ಹೊಲಸು, ಒಂದು ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಕೂತಿತ್ತು. ಅವಮಾನವಾಯಿತು, ಯಾಕೆಂದು ತಿಳಿಯಲಿಲ್ಲ. "ಅವರೆಲ್ಲಾ ಏನ್ ಹೇಳಿದ್ರು?" ಎಂದು ಕೇಳಿದ.

"ಒಬ್ಬೊಬ್ಬರು ಒಂದೊಂದು ಹೇಳ್ತಾರ. ಒಬ್ಬಾಕಿಗೆ ಅತ್ತಿಮನ್ಯಾಗ ಬಿಡ್ಲಿಲ್ಲ. ಒಬ್ಬರು ಏನೂ ಹೇಳ್ಲಿಲ್ಲ, ಸುಮ್ನ ಕುಂತ್ರು."

"ಅವರ ಪೇಶಂಟು?"

"ತೀರಿಕೊಂಡ್ರು."

ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು, ಕಂಡಕ್ಟರು ಅದರ ಬೆನ್ನಿಗೆ ಬಡಿಯುತ್ತಿದ್ದ. ಇಲಿಯಾಸ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೇಡಿಕೆಯ ಮಾತುಗಳನ್ನು ಹೊರತೆಗೆಯುವಷ್ಟರಲ್ಲಿ ಅವಳೇ ಹೇಳಿದಳು. "ನೀವು ಅಂಜೂ ಕಾರಣ ಇಲ್ರಿ. ನಾನು ನಿಮ್ಮ ಮನ್ಯಾಗ ಏನೂ ಹೇಳೂದಿಲ್ಲ. ಕೊಡೂದು ಬಿಡೂದು ನಿಮ್ಮ ಮರ್ಜಿ. ಕೊಡೋರನ್ನ ಯಾರೂ ಒತ್ತಾಯ ಮಾಡೂ ಹಂಗಿಲ್ಲ, ಅವರ ಹೆಸರು ಹೊರಗ ಹಾಕೂ ಹಂಗೂ ಇಲ್ಲ. ಅದು ನಮ್ಮ ನಿಯಮ." ಅವನಿಗೆ ಹಗುರವಾಗಬೇಕಿತ್ತು. ಅದರ ಬದಲು, ಮೆಟ್ಟಿಲು ಇದೆಯೆಂದು ಇಟ್ಟ ಕಾಲಿಗೆ ಮೆಟ್ಟಿಲು ಸಿಗದಂತಾಯಿತು. ಅವಳು ಹೇಳಿಬಿಡುತ್ತಾಳೆ ಎಂದು ಬೆಳಿಗ್ಗೆಯಿಂದ ಅಂಜಿದ್ದ. ಅವಳು ಹೇಳಿಬಿಡಲಿ ಎಂದೇ ಬೆಳಿಗ್ಗೆ ಫೋನಿನಲ್ಲಿ "ಬರ್ರಿ" ಎಂದಿದ್ದ ಎಂಬುದು ಈಗ ಹೊಳೆಯಿತು.

ಅಣ್ಣನ ಮನೆ ಮಸೂತಿಯ ಹಿಂದಿನ ಓಣಿಯಲ್ಲಿತ್ತು. ಅಲ್ಲಾಸಾಬ ಪಡಸಾಲೆಯ ಹೊರಸಿನ ಮೇಲೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಇಷ್ಟು ದೂರ ತನ್ನನ್ನು ನೋಡಲು ಡಾಕ್ಟರು ಬಂದಿದ್ದಾರೆಂದು ಅವನ ಮುಖ ಅರಳಿಹೋಯಿತು. ಹೆಂಡತಿ ರಸೂಲಬಿಗೆ ಚಹಾ ಇಡಲು ಹೇಳಿದ, ತಾಯಿಗೆ ಜಮಖಾನೆ ಹಾಸಲು ಹೇಳಿದ, ತಮ್ಮನಿಗೆ ಪಂಖಾದ ಮುಖ ಡಾಕ್ಟರ ಕಡೆ ತಿರುಗಿಸಲು ಹೇಳಿದ. ಕಾಯಿಲೆಯವನ ಮನೆಯಲ್ಲ ಇದು, ಯಾವುದೋ ಹಿರಿಯ ಗಿರಾಕಿ ಅಂಗಡಿಗೆ ಬಂದಿದ್ದಾನೆ ಎಂಬಂತೆ. ಸುವರ್ಣಾ ತಮ್ಮ ಸಂಶೋಧನೆಯ ಸಲುವಾಗಿ ಒಂದಿಷ್ಟು ರಕ್ತ ಬೇಕೆಂದೂ, ಅದರಿಂದ ಅವನಿಗೆ ಈಗಲೇ ಏನೂ ಉಪಯೋಗವಾಗಲಿಕ್ಕಿಲ್ಲವೆಂದೂ, ಬೇಡವೆನಿಸಿದರೆ ಬೇಡವೆನ್ನಬಹುದೆಂದೂ ತಿಳಿಸಿ ಹೇಳಿದಳು.

"ತಗೊಳ್ರಿ, ಎಷ್ಟ ಬೇಕಾದಷ್ಟು ತಗೊಳ್ರಿ" ಎಂದು ಅಲ್ಲಾಸಾಬ ತೋಳು ಮೇಲೇರಿಸಿದ. "ನನಗಂತೂ ಯಾರದೂ ಕೂಡ್ಲಿಲ್ಲ. ಮುಂದ ನನ್ನಂಥಾವ ಯಾರರ ಬಂದ್ರ ಅವಗರ ಒಂದ ದಾರಿ ಆಕ್ಕೈತಿ. ನಾವು ಸೂಜಿಗೆ ಅಂಜೂ ಮಂದಿ ಅಲ್ರಿ. ನಮ್ಮ ಇಲಿಯಾಸಂದು ಬ್ಯಾರೆ ಬಿಡ್ರಿ." ನಗುತ್ತ ಆ ಕಥೆ ಶುರುಮಾಡಿದ. ಇಲಿಯಾಸನಿಗೆ ಅದರ ಪ್ರತಿ ಮಾತೂ ಬಾಯಿಪಾಠ. ಏಳು ವರ್ಷದವನಿದ್ದಾಗ ನಾಯಿ ಕಚ್ಚಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು, ದಿನಕ್ಕೊಂದರಂತೆ. ಹದಿನಾಲ್ಕು ದಿನವೂ ಅಣ್ಣ ಅವನನ್ನು ಸೈಕಲ್ಲಿನ ಮುಂದಿನ ದಂಡದ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ದಿದ್ದ, ಮೇಜಿನ ಮೇಲೆ ಅವನ ಎರಡೂ ಕೈ ಒತ್ತಿ ಹಿಡಿದಿದ್ದ. ಐದನೆಯ ದಿನ ಇಲಿಯಾಸ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಆಗ ಅಣ್ಣ ತನ್ನ ಅಂಗಿ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ ಬರಿಮೈಯಲ್ಲಿ ಪೇಟೆಯೊಳಗೆ ಸೈಕಲ್ ತುಳಿದಿದ್ದ. ಇಪ್ಪತ್ತೊಂಬತ್ತು ವರ್ಷ ಅಂಗಡಿಗೆ ಬಂದವರಿಗೆಲ್ಲ ಅಲ್ಲಾಸಾಬ ಹೇಳಿ ನಗಿಸಿದ್ದು ಉಚ್ಚೆಯ ಕಥೆಯನ್ನು. ಅಂಗಿಯ ಭಾಗವನ್ನು ಅವನು ಒಮ್ಮೆಯೂ ಹೇಳಿರಲಿಲ್ಲ; ಈಗಲೂ ಹೇಳಲಿಲ್ಲ. ಹೇಳಿದ್ದರೆ ಅಣ್ಣನನ್ನು ಪ್ರೀತಿಸುವುದು ಸುಲಭವಾಗುತ್ತಿತ್ತೋ, ಹೇಳದೇ ಇದ್ದದ್ದರಿಂದಲೇ ದ್ವೇಷಿಸುವುದು ಸಾಧ್ಯವಾಗಿತ್ತೋ ಎಂದು ಇಲಿಯಾಸ ಗೋಡೆಗೆ ಒರಗಿ ನಿಂತು ಯೋಚಿಸುತ್ತಿದ್ದ. ಸೂಜಿಯ ಹೆದರಿಕೆ ಅವನಿಗೆ ಎಂದೋ ಹೋಗಿತ್ತು. ಬೆಂಗಳೂರಿನಲ್ಲಿ ತಪಾಸಣೆಗೆ ರಕ್ತ ತೆಗೆದಾಗ ಅವನು ಕಣ್ಣು ಕೂಡ ಮುಚ್ಚಿರಲಿಲ್ಲ. ಹೆದರಿಕೆಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಆ ನಲವತ್ತು ಹೆಜ್ಜೆಯಲ್ಲಿ ತನಗೆ ಕಂಡದ್ದು ಬೇರೆಯೇ ಎಂದು ಈಗ ಅವನಿಗೆ ತಿಳಿಯಿತು: ಅಣ್ಣ ಗುಣವಾಗಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾನೆ, ನೋಡದೆಯೇ ಕೈ ಹಿಂದಕ್ಕೆ ಚಾಚಿದ್ದಾನೆ, ತಾನು ಆ ಕೈಯಲ್ಲಿ ಪಾನಾ ಇಡುತ್ತಿದ್ದೇನೆ.

ಸುವರ್ಣಾ ನಗುತ್ತಲೇ ಅಲ್ಲಾಸಾಬನ ತೋಳಿಗೆ ಪಟ್ಟಿ ಕಟ್ಟಿದವಳು ನಗು ನಿಲ್ಲಿಸಿದಳು. ಮುಂಗೈಯ ಒಳಭಾಗದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳಿದ್ದವು, ಒಂದಲ್ಲ ಎರಡಲ್ಲ, ಮೊಣಕೈಯತನಕ.

"ಇವು ಯಾವಾಗಿಂದ ಅದಾವ್ರಿ?"

"ಮೊನ್ನಿಯಿಂದ. ಸೊಳ್ಳಿ ಕಡದಾವು" ಎಂದ ಅಲ್ಲಾಸಾಬ.

"ಸೊಳ್ಳಿಪರದಿ ಕಟ್ಟೇನ್ರಿ ನಾ" ಎಂದಳು ಚಹಾ ಹಿಡಿದು ಬಂದ ರಸೂಲಬಿ, ತನ್ನ ಮೇಲೆ ತಪ್ಪು ಬಂದೀತೆಂಬಂತೆ.

ರಕ್ತ ತೆಗೆದು ಹತ್ತಿ ಒತ್ತಿದಳು. ಹತ್ತಿ ಕೆಂಪಾಯಿತು. ಬದಲಿಸಿದಳು, ಅದೂ ಆಯಿತು. ಮೂರನೆಯದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತಳು. ಐದು ನಿಮಿಷ, ಹತ್ತು ನಿಮಿಷ. ಪಂಖಾ ಅವಳ ಕಡೆಗೇ ತಿರುಗಿದ್ದರೂ ಅವಳ ಹಣೆ ಬೆವರಿತ್ತು. ಇಲಿಯಾಸ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಕೊನೆಗೆ ಅವಳು, "ತಡಾ ಮಾಡಬ್ಯಾಡ್ರಿ. ಇವತ್ತ ಸಂಜಿನೇ ಬೆಂಗಳೂರಿಗೆ ಹೊರಡ್ರಿ. ನಾನು ದವಾಖಾನಿಗೆ ಫೋನ್ ಮಾಡಿ ಹೇಳ್ತೀನಿ" ಎಂದಳು.

"ಹೋಗಿ ಏನ್ ಮಾಡೂದೈತ್ರಿ?" ಎಂದ ಅಲ್ಲಾಸಾಬ ತಣ್ಣಗೆ. "ರೋಗ ತಿರುಗಿ ಬಂದೈತಿ ಅಂತೀರಿ, ಹೌದಲ್ಲ? ಹಾಕೂಣಂದ್ರ ಕೂಡೂ ರಕ್ತ ಇಲ್ಲ. ಇಲ್ಲೇ ಇರ್ತೇನಿ, ಅಮ್ಮನ ಕಣ್ಣ ಮುಂದ."

ಸುವರ್ಣಾ ಇಲಿಯಾಸನ ಕಡೆ ನೋಡಲಿಲ್ಲ. ತಾನು ಕೊಟ್ಟ ಮಾತನ್ನು ಆ ಹತ್ತಿಯ ಜೊತೆ ಒತ್ತಿ ಹಿಡಿದವಳಂತೆ ತಲೆ ತಗ್ಗಿಸಿಯೇ ಕೂತಿದ್ದಳು. ಓಣಿಯಲ್ಲಿ ಯಾರೋ ಆಡಿನ ಮರಿಯನ್ನು ಬೈಯುತ್ತ ಹೋದರು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಅವಳು ಎದ್ದು ಗಜೇಂದ್ರಗಡದ ಬಸ್ಸು ಹಿಡಿಯುತ್ತಾಳೆ, ಅಣ್ಣ ತಾನಾಗಿ ಬೇಡವೆಂದಿದ್ದಾನೆ, ಯಾರೂ ಎಂದೂ ಕೇಳುವುದಿಲ್ಲ ಎಂದು ಇಲಿಯಾಸನೊಳಗೆ ಯಾರೋ ಸ್ಪಷ್ಟವಾಗಿ ಹೇಳಿದರು. ಅದು ತನ್ನದೇ ದನಿ, ಗಿರಾಕಿಯ ಜೊತೆ ಮಾತಾಡುವ ಇತ್ತೀಚಿನ ಗಟ್ಟಿ ದನಿ. ಅವನು ಗೋಡೆ ಬಿಟ್ಟು ಹೊರಸಿನ ಹತ್ತಿರ ಬಂದ.

"ನಂದು ಕೂಡೇತಿ ಭಾಯಿ" ಎಂದ.

ಅಲ್ಲಾಸಾಬ ನಕ್ಕುಬಿಟ್ಟ. "ಏ ಹುಚ್ಚಾ, ನನ್ನ ಬೆಂಗಳೂರಿಗೆ ಕಳಸಾಕ ಸುಳ್ಳ ಹೇಳಬ್ಯಾಡ."

"ಸುಳ್ಳ ಆವಾಗ ಹೇಳೇನಿ. ಪೂರಾ ಕೂಡೇತಿ. ಅಂಗಡ್ಯಾಗ ಕಾಗದ ಅದಾವು."

ಅಲ್ಲಾಸಾಬ ಡಾಕ್ಟರ ಕಡೆ ನೋಡಿದ. ಅವಳು ನಿಧಾನವಾಗಿ ಹೌದೆಂದು ತಲೆ ಆಡಿಸಿದಳು. ಅವನ ಮುಖದಲ್ಲಿ ಸಿಟ್ಟು ಬರುವುದನ್ನು ಇಲಿಯಾಸ ಕಾದ. ಬರಲಿ ಎಂದು ಆಸೆಪಟ್ಟ. ಬರಲಿಲ್ಲ. ಅಣ್ಣನ ನಗು ಮಾತ್ರ ಹಾಗೆಯೇ ಬಾಯಲ್ಲಿ ಉಳಿದುಕೊಂಡು, ಬಿಚ್ಚಲು ಮರೆತ ಬಟ್ಟೆಯಂತೆ ಕಾಣುತ್ತಿತ್ತು. ರಸೂಲಬಿ ಚಹಾದ ತಾಟನ್ನು ನೆಲಕ್ಕಿಟ್ಟಳು. "ಎಷ್ಟ ದಿನಾ ಆತು?" ಎಂದು ಕೇಳಿದಳು. ಒಂದೂವರೆ ತಿಂಗಳು ಎಂದ. ಅವಳು ಮತ್ತೇನೂ ಕೇಳದೆ ಒಳಗೆ ಹೋಗಿ ಗಂಡನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಕಾಶೀಂಬಿ ಗೋಡೆ ಹಿಡಿದು ಎದ್ದು ಬಂದು ಮಗನ ಎದುರು ನಿಂತಳು. ಹೊಡೆಯುತ್ತಾಳೆಂದು ಅವನು ಮುಖ ಮುಂದೆ ಮಾಡಿದ. ಅವಳು ಅವನ ಎದೆಯ ಮೇಲೆ ಅಂಗೈ ಊರಿ, ಒಳಗೆ ಯಾರಿದ್ದಾರೆಂದು ತಿಳಿಯುವವಳಂತೆ ಸ್ವಲ್ಪ ಹೊತ್ತು ನಿಂತು ಕೈ ತೆಗೆದಳು. "ಈಗ ಹಾಕಿದ್ರ ಉಳೀತಾನೇನವ್ವಾ?" ಎಂದು ಡಾಕ್ಟರನ್ನು ಕೇಳಿದಳು. ಮೊದಲು ರೋಗ ಮತ್ತೆ ಅಡಗಬೇಕು, ಅಡಗಿದರೆ ಹಾಕಬಹುದು ಎಂದಳು ಸುವರ್ಣಾ. ಅಡಗದಿದ್ದರೆ ಎಂದು ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಅವನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ತೋಳು ಸಡಿಲವಿರುವ ಅಂಗಿ ಹಾಕಿಕೊಂಡು ವಾರ್ಡಿನ ಹೊರಗಿನ ಬಾಕಿನ ಮೇಲೆ ಕೂರುತ್ತಿದ್ದ. ಇವತ್ತು ನನ್ನದು ತಗೊಳ್ತೀರೇನ್ರಿ ಎಂದು ನರ್ಸಮ್ಮನನ್ನು ಕೇಳುತ್ತಿದ್ದ. ಇವತ್ತಿಲ್ಲ ಎನ್ನುತ್ತಿದ್ದಳು. ಮೊದಲಿಗಿಂತ ಜೋರಾದ ಔಷಧ ಕೊಡುತ್ತಿದ್ದರು. ಅಲ್ಲಾಸಾಬನ ಬಾಯೆಲ್ಲ ಹುಣ್ಣಾಗಿತ್ತು, ನೀರು ನುಂಗಲು ಬರುತ್ತಿರಲಿಲ್ಲ. ತಮ್ಮನ ಜೊತೆ ಅವನು ಜಗಳವಾಡಲಿಲ್ಲ. ಬೇಕಾದ್ದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದ. ನೀರು, ಚಾದರ, ಕಿಡಕಿ. ಇಪ್ಪತ್ತೆರಡು ದಿನ ಹೀಗೆ ಹೋಯಿತು. ಇಪ್ಪತ್ತಮೂರನೆಯ ದಿನ ಬೆಳಿಗ್ಗೆ, ಸಂಶೋಧನೆಯ ತಿರುಗಾಟ ಮುಗಿಸಿ ಬಂದಿದ್ದ ಸುವರ್ಣಾ ಅವನನ್ನು ಮೆಟ್ಟಿಲ ಹತ್ತಿರ ಕರೆದು, ಎಲುಬಿನೊಳಗಿನ ಮಜ್ಜೆ ಪರೀಕ್ಷೆ ಮಾಡಿದ್ದಾರೆ, ರೋಗ ಇಳಿದಿಲ್ಲ, ಇಂಥ ಸ್ಥಿತಿಯಲ್ಲಿ ಕಸಿ ಮಾಡಲು ದೊಡ್ಡ ಡಾಕ್ಟರು ಒಪ್ಪುತ್ತಿಲ್ಲ ಎಂದಳು. "ಆವಾಗ ಹಾಕಿದ್ರ ಉಳೀತಿದ್ನೇನ್ರಿ?" ಎಂದು ಕೇಳಿದ. ಅವಳು, "ಹಂಗ ಹೇಳಾಕ ಬರೂದಿಲ್ರಿ" ಎಂದಳು. ಅವಳ ಕಣ್ಣಿನಲ್ಲಿದ್ದ ಕರುಣೆ ಅವನಿಗೆ ತಡೆಯಲಾಗಲಿಲ್ಲ.

ಅವತ್ತು ಮಧ್ಯಾಹ್ನ ರಸೂಲಬಿ ಊಟಕ್ಕೆ ಹೋದಾಗ ಅಲ್ಲಾಸಾಬ ಕಣ್ಣಿನಿಂದಲೇ ತಮ್ಮನನ್ನು ಹತ್ತಿರ ಕರೆದ. ಇಲಿಯಾಸ ಬಾಯಿಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಬಗ್ಗಿದ. ಅಣ್ಣನ ದನಿ ಕಾಗದ ಸರಿದಷ್ಟೇ ಕೇಳುತ್ತಿತ್ತು.

"ಒಂದ ಕೇಳ್ತೇನಿ, ಖರೇ ಹೇಳು. ಅಂಜಿಕಿ ಬಂದಿತ್ತೇನು ನಿನಗ?"

ಕಿಡಕಿಯ ಬೆಳಕು ಹಾಸಿಗೆಯ ಕಬ್ಬಿಣದ ಮೇಲೆ ಬಿದ್ದಿತ್ತು. ಇಲಿಯಾಸನಿಗೆ ತಾನು ಹೇಳಬೇಕಾದದ್ದು ಗೊತ್ತಿತ್ತು. ಇಪ್ಪತ್ತೆರಡು ದಿನ ಬಾಕಿನ ಮೇಲೆ ಕೂತು ಅದನ್ನು ಮಾತಿಗೆ ತಂದಿಟ್ಟುಕೊಂಡಿದ್ದ: ಅಂಜಿಕೆ ಅಲ್ಲ ಭಾಯಿ, ಮಂದಿ ನನ್ನನ್ನು ಮಿಸ್ತ್ರಿ ಅಂದರು, ಅದು ಸಿಹಿಯಾಯಿತು, ಅಷ್ಟೆ. ಅಣ್ಣನ ಕಣ್ಣುಗಳು ಅವನ ಮುಖವನ್ನೇ ನೋಡುತ್ತಿದ್ದವು. ಆ ಕಣ್ಣುಗಳಲ್ಲಿ ಒಂದು ಬೇಡಿಕೆ ಇತ್ತು, ಇಂಥದೇ ಉತ್ತರ ಬರಲಿ ಎಂಬ ಬೇಡಿಕೆ.

"ಹೂಂ" ಎಂದ ಇಲಿಯಾಸ. "ಭಾಳ ಅಂಜಿದ್ನಿ ಭಾಯಿ."

ಅಲ್ಲಾಸಾಬನ ಮುಖದ ಗಂಟು ಬಿಚ್ಚಿಕೊಂಡಿತು. ಕಣ್ಣಿನ ಅಂಚಿನಲ್ಲಿ ನೀರು ನಿಂತಿತು. ಸೂಜಿ ಚುಚ್ಚಿ ಚುಚ್ಚಿ ನೀಲಿಯಾಗಿದ್ದ ಕೈಯನ್ನು ಹಾಸಿಗೆಯ ಮೇಲೆ ಸರಿಸುತ್ತ ಬಂದು ತಮ್ಮನ ಕೈಯನ್ನು ಹಿಡಿದುಕೊಂಡ. "ನನಗೂ ಅಂಜಿಕಿ ಆಗ್ತೈತೋ" ಎಂದ. "ಯಾರ ಮುಂದೂ ಹೇಳಿಲ್ಲ. ರಾತ್ರೆಲ್ಲಾ ಆಗ್ತೈತಿ."

ಅದಾದ ಮೇಲೆ ಅಲ್ಲಾಸಾಬ ಒಂಬತ್ತು ದಿನ ಬದುಕಿದ್ದ. ತನ್ನಂತೆಯೇ ಅಂಜಿದವನೆಂದು ನಂಬಿ ತಮ್ಮನನ್ನು ಪಕ್ಕದಿಂದ ಏಳಗೊಡಲಿಲ್ಲ. ರಸೂಲಬಿ ಕರೆದರೂ, ತಾಯಿ ಬಂದು ಕೂತರೂ, ಇಲಿಯಾಸನ ಕೈಯನ್ನೇ ಹುಡುಕುತ್ತಿದ್ದ. ಮಾತು ಆಡಬಲ್ಲಷ್ಟು ಎಚ್ಚರ ಅವನಿಗೆ ಕೊನೆಯ ದಿನದತನಕ ಇತ್ತು. ಆ ಒಂಬತ್ತು ದಿನಗಳಲ್ಲಿ ಇಲಿಯಾಸ ತಾನು ಆಡಿದ ಮಾತನ್ನು ತಿದ್ದಲಿಲ್ಲ.